ಪಿಟೀಲು ಮೇಷ್ಟ್ರ ಮುಖ

ಮೂವತ್ತು ವರ್ಷ ಪಿಟೀಲು ನುಡಿಸಿಕೊಂಡು ಬಂದ ಮನುಷ್ಯನ ಮುಖ ನೆಟ್ಟಗೆ ಕಾಣುವ ಒಂದು ಫೋಟೋ ಆ ಮನೆಯಲ್ಲಿ ಇರಲಿಲ್ಲ. ಅದು ಗೊತ್ತಾದದ್ದು ಒಂದು ಭಾನುವಾರ ಬೆಳಿಗ್ಗೆ, ಎರಡು ಹಸುಗಳ ಹಾಲು ಕರೆದು ಡೈರಿಗೆ ಕೊಟ್ಟು ಬಂದ ಮೇಲೆ. ಮಗಳು ಬೀರುವಿನ ಮೇಲಿದ್ದ ತಗಡಿನ ಡಬ್ಬಿಯನ್ನು ಇಳಿಸಿ ಊಟದ ಮೇಜಿನ ಮೇಲೆ ಬೋರಲು ಹಾಕಿದಳು. ಫೋಟೋಗಳೇನೋ ಬೇಕಾದಷ್ಟಿದ್ದವು. ಒಂದರಲ್ಲಿ ಅಪ್ಪನ ಮೊಣಕೈ ಇತ್ತು. ಒಂದರಲ್ಲಿ ಕಮಾನು ಹಿಡಿದ ಕೈ. ಇನ್ನೊಂದರಲ್ಲಿ ದೊಡ್ಡ ಗಾಯಕರ ಭುಜದ ಹಿಂದೆ ಅರ್ಧ ಕೆನ್ನೆ, ಒಂದು ಕಿವಿ. ಮೈಕಿನ ಕಂಬ ಸರಿಯಾಗಿ ಮೂಗಿನ ಮೇಲೆ ನಿಂತ ಫೋಟೋಗಳೇ ನಾಲ್ಕಿದ್ದವು.

ಕಿಟಕಿಯ ಪಕ್ಕ ಕೂತಿದ್ದ ಅಜ್ಜಿ ಒಂದನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದಳು. "ಈ ಕಿವಿ ನನ್ನ ಮಗಂದೇ ಕಣೇ. ಹುಟ್ಟಿದಾಗಿಂದ ನೋಡಿದೀನಿ, ಗುರುತು ಸಿಗುತ್ತೆ."

ಊರಿನವರು ಅವರನ್ನು ಕರೆಯುತ್ತಿದ್ದುದು ಪಿಟೀಲು ಮೇಷ್ಟ್ರು ಎಂದು. ಬೆಳಿಗ್ಗೆ ಆರೇಳು ಮಕ್ಕಳಿಗೆ ಪಾಠ, ಸಂಜೆ ಪಟ್ಟಣದಲ್ಲಿ ಕಚೇರಿ. ಕಚೇರಿ ಎಂದರೆ ಹಾಡುವವರ ಕಚೇರಿ. ವೇದಿಕೆಯ ನಡುವಿನ ಜಾಗ ಹಾಡುವವರದು, ಅವರ ಪಕ್ಕದ್ದು ಮೇಷ್ಟ್ರದು. ವರ್ಷದ ಕಚೇರಿಗಳಲ್ಲಿ ಮುಕ್ಕಾಲು ಪಾಲು ಒಬ್ಬ ದೊಡ್ಡ ಗಾಯಕರದೇ. ಅವರು ಕರೆದಾಗ ಹೋಗುವುದು, ಅವರು ಎದ್ದಾಗ ಏಳುವುದು. ಮನೆ ನಡೆಯುತ್ತಿದ್ದುದು ಅದರಿಂದ, ಮತ್ತು ಹೆಂಡತಿ ಸಾಕಿದ ಎರಡು ಹಸುಗಳಿಂದ, ಮತ್ತು ಮಗಳು ಬೀಜದಂಗಡಿಯಲ್ಲಿ ಮಾಡುವ ಕೆಲಸದಿಂದ.

ಆ ವರ್ಷ ಪಟ್ಟಣದ ಸಭಾಂಗಣದವರು ಆರು ಸಂಜೆಗಳ ಸಾಲು ಕಚೇರಿ ಇಟ್ಟುಕೊಂಡಿದ್ದರು. ಒಂದು ಸಂಜೆಗೆ ಒಬ್ಬರೇ ಕಲಾವಿದರು. ಬಯಸುವವರು ತಮ್ಮ ಸಂಗೀತದ ಒಂದು ರೆಕಾರ್ಡಿಂಗ್, ಮೂರು ಫೋಟೋ ಕಳಿಸಬೇಕು. ಐವತ್ತೆಂಟು ವರ್ಷದ ಮೇಷ್ಟ್ರು ಆ ಪ್ರಕಟಣೆಯನ್ನು ಕತ್ತರಿಸಿ ಎರಡು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿ, ಮೂರನೆಯ ದಿನ ದನಗಳ ಕೊಟ್ಟಿಗೆಯ ಹಿಂದೆ ಮಗಳನ್ನು ನಿಲ್ಲಿಸಿ ಕೈಗೆ ಕೊಟ್ಟಿದ್ದರು.

"ನಿಮ್ಮಮ್ಮನಿಗೆ ಈಗಲೇ ಹೇಳಬೇಡ," ಎಂದಿದ್ದರು. "ಒಂದೇ ಒಂದು ಸಂಜೆ ನಡುವೆ ಕೂತು ನುಡಿಸಬೇಕು ಅಂತ ಆಸೆ. ನಾಚಿಕೆ ಆಗುತ್ತೆ ಹೇಳಕ್ಕೆ."

ಡಬ್ಬಿ ಬೋರಲಾದ ಮೇಲೆ ಮುಚ್ಚಿಡುವುದಕ್ಕೆ ಏನೂ ಉಳಿಯಲಿಲ್ಲ. ಹೆಂಡತಿ ಕೇಳಿದಳು, ಮಗಳು ಹೇಳಿದಳು. ಹೆಂಡತಿ ಕೇಳಿಸಿಕೊಂಡು, ಫೋಟೋಗಳ ಕೆಳಗೆ ಸಿಕ್ಕಿಕೊಂಡಿದ್ದ ಉಪ್ಪಿನ ಡಬ್ಬಿಯನ್ನು ಎಳೆದುಕೊಂಡು ಒಲೆಯ ಕಡೆ ಹೋದಳು.

ಮಗಳು ಅಪ್ಪನನ್ನು ಕೊಟ್ಟಿಗೆಯ ಬಾಗಿಲಲ್ಲಿ, ಬೆಳಕು ಚೆನ್ನಾಗಿ ಬೀಳುವ ಕಡೆ, ಸ್ಟೂಲಿನ ಮೇಲೆ ಕೂರಿಸಿ ತನ್ನ ಫೋನಿನಲ್ಲೇ ಫೋಟೋ ತೆಗೆದಳು. ಇಪ್ಪತ್ತು ತೆಗೆದು ಮೂರನ್ನು ಆರಿಸಿ ಅಪ್ಪನ ರೆಕಾರ್ಡಿಂಗಿನ ಜೊತೆ ಕಳಿಸಿದಳು. ಐದು ದಿನಕ್ಕೆ ಉತ್ತರ ಬಂತು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದಾಗ ಫೋನು ಸದ್ದು ಮಾಡಿತು, ಮಗಳು ಖುಷಿಯಲ್ಲಿ ಗಟ್ಟಿಯಾಗಿ ಓದಲು ಶುರು ಮಾಡಿಬಿಟ್ಟಳು. ರೆಕಾರ್ಡಿಂಗ್ ಬಹಳ ಹಿಡಿಸಿತು ಎಂದು ಬರೆದಿದ್ದರು. ಅದರ ಕೆಳಗೆ ಇತ್ತು: ನೀವು ಕಳಿಸಿರುವ ಫೋಟೋಗಳು ಪಕ್ಕವಾದ್ಯದವರದ್ದು ಎಂದು ಕಾಣುತ್ತದೆ, ದಯವಿಟ್ಟು ಹದಿನೈದು ದಿನದೊಳಗೆ ಕಲಾವಿದರ ಫೋಟೋ ಕಳಿಸಿಕೊಡಿ.

ಮೇಷ್ಟ್ರು ತಟ್ಟೆಯಿಂದ ತಲೆ ಎತ್ತಲಿಲ್ಲ. ಆಲೂಗಡ್ಡೆಯ ಒಂದು ಹೋಳನ್ನು ಎರಡು ಮಾಡಿದರು, ಎರಡನ್ನು ನಾಲ್ಕು ಮಾಡಿದರು.

"ಆಯ್ತಲ್ಲ," ಎಂದಳು ಹೆಂಡತಿ. "ಇಲ್ಲಿಗೆ ಬಿಡಿ ಇನ್ನು."

ಮಗಳು ಬಿಡಲಿಲ್ಲ. ಸಂಜೆ ಅಂಗಡಿಯಿಂದ ಬಂದವಳೇ, ಕಸುಬಿನ ಫೋಟೋಗ್ರಾಫರ್ ಒಬ್ಬರನ್ನು ಗೊತ್ತು ಮಾಡಿ ಬಂದಿದ್ದೇನೆ ಎಂದು ಹೇಳಿದಳು. ಕೊಟ್ಟಿಗೆಯ ನೆಲಕ್ಕೆ ಸಿಮೆಂಟು ಹಾಕಿಸುವುದಕ್ಕೆಂದು ಅವಳು ಸಂಬಳದಲ್ಲಿ ತೆಗೆದಿಟ್ಟದ್ದು ಇತ್ತು. ಕೊಡಬೇಕಾದ್ದು ಸುಮಾರಾಗಿ ಅಷ್ಟೇ ಆಗುತ್ತಿತ್ತು.

ಆಗ ಜಗಳ ಶುರುವಾಯಿತು. ಹಿಂದಿನ ಮಳೆಯಲ್ಲಿ ಕೆಂದ ಹಸು ಆ ನೆಲದಲ್ಲಿ ಜಾರಿ ಮಂಡಿ ಒಡೆದುಕೊಂಡದ್ದು, ತಾನೇ ಎರಡು ಸಲ ಹಾಲಿನ ಬಕೆಟ್ಟಿನ ಸಮೇತ ಬಿದ್ದದ್ದು, ನೆಲ ಮಾಡಿಸುತ್ತೇನೆಂದು ಮಗಳು ತನ್ನ ಬಾಯಿಂದಲೇ ಮಾತು ಕೊಟ್ಟದ್ದು, ಹೆಂಡತಿ ಎಲ್ಲವನ್ನೂ ಸಾಲಾಗಿ ಎತ್ತಿದಳು. ಹಸು ಹಾಲು ಕೊಡುತ್ತದೆ, ಫೋಟೋ ಏನು ಕೊಡುತ್ತದೆ ಎಂದು ಕೇಳಿದಳು.

"ಅಮ್ಮ, ಅಂಗಡಿಗೆ ಬರೋರು ಬೀಜದ ಪ್ಯಾಕೆಟ್ ಒಡೆದು ನೋಡಿ ತಗೊಳ್ತಾರಾ? ಹೊರಗಿನ ಫೋಟೋ ನೋಡ್ತಾರೆ. ಗಿಣಿ ಮಾರ್ಕು ಕೊಡಿ ಅಂತಾರೆ. ಒಳಗಿರೋ ಬೀಜ ಒಳ್ಳೇದೇ ಇರಬೇಕು, ಅದು ಸರಿ. ಆದ್ರೆ ಮೊದಲು ಕೈ ಹೋಗೋದು ಗಿಣಿ ಮೇಲೆ. ಅಪ್ಪನಿಗೂ ಒಂದು ಬ್ರ್ಯಾಂಡ್ ಬೇಕು."

"ಬ್ರ್ಯಾಂಡು ಸೋಪಿಗಿರುತ್ತೆ."

"ಮಾರ್ಕು ಅನ್ನಿ," ಅಂದಳು ಅಜ್ಜಿ ಮೂಲೆಯಿಂದ. "ಮೂವತ್ತು ವರ್ಷ ಮಾರ್ಕಿಲ್ಲದೆ ಮೇಯ್ಕೊಂಡಿದ್ದ. ಅದಕ್ಕೇ ಯಾರ ಹಿಂಡಿನವನು ಅಂತ ಯಾರಿಗೂ ಗೊತ್ತಾಗ್ಲಿಲ್ಲ."

ಹೆಂಡತಿ ನಗಲಿಲ್ಲ. ಗಂಡನ ಕಡೆ ತಿರುಗಿದಳು. "ಇಷ್ಟು ದಿನ ಯಾರೂ ನಿಮ್ಮನ್ನ ನೋಡಲಿಲ್ಲ, ಯಾರೂ ನಗಲೂ ಇಲ್ಲ. ಈಗ ಮುಖ ಮುಂದಿಟ್ಟು, ಅವರು ಬೇಡ ಅಂದ್ರೆ? ಡೈರಿ ಮುಂದೆ ಸಾಲಲ್ಲಿ ನಿಲ್ಲೋಳು ನಾನು. ಕೇಳೋರಿಗೆ ಉತ್ತರ ಹೇಳೋಳು ನಾನು."

ಮೇಷ್ಟ್ರು ನೀರಿನ ಲೋಟ ಕೆಳಗಿಟ್ಟರು. ಆಮೇಲೆ, ಬೇಡ ಅಂದರೆ ಬೇಡ ಅನ್ನಲಿ, ಪಕ್ಕವಾದ್ಯದವನು ಅಂದುಕೊಂಡು ಬೇಡ ಅನ್ನುವುದು ಬೇಡ, ಎಂದರು. ಅಷ್ಟು ಉದ್ದದ ಮಾತನ್ನು ಅವರು ಊಟದ ಮೇಜಿನಲ್ಲಿ ಆಡಿ ಎಷ್ಟೋ ಕಾಲವಾಗಿತ್ತು. ಮಾರನೆಯ ದಿನದಿಂದ ಹೆಂಡತಿ ಮಾತು ಬಿಟ್ಟಳು. ಅಡುಗೆ ಹೊತ್ತಿಗೆ ಸರಿಯಾಗಿ ಆಗುತ್ತಿತ್ತು. ತಟ್ಟೆಗಳು ಮಾತ್ರ ಮೇಜಿನ ಮೇಲೆ ಸ್ವಲ್ಪ ಜೋರಾಗಿ ಕೂರುತ್ತಿದ್ದವು.

ಫೋಟೋಗ್ರಾಫರ್ ನಲವತ್ತು ದಾಟಿದ ಗಟ್ಟಿಮುಟ್ಟಾದ ಹೆಂಗಸು. ಬೀಜದ ಪ್ಯಾಕೆಟ್ಟುಗಳ ಮೇಲಿನ ಬದನೆಕಾಯಿ, ಮೆಣಸಿನಕಾಯಿ, ಡೈರಿಯವರ ಕ್ಯಾಲೆಂಡರಿನ ಹಸುಗಳು, ಎಲ್ಲ ಅವಳು ತೆಗೆದವೇ. ಮಗಳಿಗೆ ಪರಿಚಯವಾದದ್ದು ಹಾಗೆ. ಹಾಡುವವರು, ನುಡಿಸುವವರ ಫೋಟೋಗಳನ್ನೂ ತೆಗೆಯುತ್ತಿದ್ದಳು. ಮೊದಲ ದಿನ ಅವಳು ಬರಿಗೈಯಲ್ಲಿ ಬಂದಳು. ಕ್ಯಾಮೆರಾ ಎಲ್ಲಿ ಎಂದು ಅಜ್ಜಿ ಕೇಳಿದರೆ, ಇವತ್ತು ನೋಡುವುದಕ್ಕೆ ಮಾತ್ರ ಬಂದಿದ್ದೇನೆ ಎಂದಳು. ಪಾಠದ ಕೋಣೆ ನೋಡಿದಳು, ಮಕ್ಕಳು ಅಪಸ್ವರ ನುಡಿಸುವುದನ್ನು ಕೂತು ಕೇಳಿದಳು, ಕೊಟ್ಟಿಗೆಗೆ ಹೋಗಿ ಕೆಂದ ಹಸುವಿನ ಹಣೆ ತುರಿಸಿ ಬಂದಳು. ಹಸು ಸುಲಭವೋ ಮನುಷ್ಯ ಸುಲಭವೋ ಎಂಬ ಅಜ್ಜಿಯ ಪ್ರಶ್ನೆಗೆ, ಹಸುವೇ ಸುಲಭ, ಅದು ಹೊಟ್ಟೆ ಒಳಗೆ ಎಳೆದುಕೊಳ್ಳುವುದಿಲ್ಲ ಎಂದಳು.

ಮಗಳ ತಲೆಯಲ್ಲಿ ಬೇರೆ ಬೇರೆ ಯೋಚನೆಗಳಿದ್ದವು. ಅಪ್ಪ ಗೋಧಿಯ ಹೊಲದ ನಡುವೆ ನಿಂತು ಪಿಟೀಲು ನುಡಿಸುವುದು. ಅಪ್ಪ ಕರಿ ಕೋಟು ಹಾಕಿಕೊಂಡು ಆಕಾಶ ನೋಡುವುದು. ಹೊಲದ ಇಬ್ಬನಿಗೆ ಪಿಟೀಲಿನ ಅಂಟು ಬಿಟ್ಟುಕೊಳ್ಳುತ್ತದೆ ಎಂದು ಮೇಷ್ಟ್ರು ಗಾಬರಿಯಾದರು. ಅದು ಬೇಡವೇ ಬೇಡ ಎಂದು ಫೋಟೋಗ್ರಾಫರ್ ಕೂಡ ಹೇಳಿದಳು.

"ಕೋಟು ಎಲ್ಲರಿಗೂ ಒಂದೇ ಥರ ಕಾಣುತ್ತೆ. ಹೊಲವೂ ಅಷ್ಟೇ. ಬಸ್ಸಲ್ಲಿ ಹೋಗೋನು ಕಿಟಕಿಯಿಂದ ಒಂದು ಸಲ ಪೋಸ್ಟರ್ ನೋಡಿದ್ರೆ, ಇದು ಇವರೇ, ಬೇರೆ ಯಾರೂ ಅಲ್ಲ ಅನ್ನಬೇಕು. ಅಂಥದ್ದು ಒಂದು ಸಿಕ್ಕಿದ್ರೆ ಸಾಕು. ಆಮೇಲೆ ಎಲ್ಲಾ ಕಡೆ ಅದನ್ನೇ ಹಾಕೋದು. ಆ ಒಂದು ಎಲ್ಲಿದೆ ಅಂತ ಹುಡುಕ್ತಿದೀನಿ."

ಎರಡನೆಯ ಸಲ ಅವಳು ದೀಪ, ಬಿಳಿ ಬಟ್ಟೆಯ ಕೊಡೆ, ಮೂರು ಕಾಲಿನ ಸ್ಟ್ಯಾಂಡು ಎಲ್ಲ ತಂದಳು. ಪಾಠದ ಕೋಣೆಯಲ್ಲಿ ಕುರ್ಚಿ ಹಾಕಿ ಮೇಷ್ಟ್ರನ್ನು ಕೂರಿಸಿದಳು. ಮಗಳು ಇಸ್ತ್ರಿ ಮಾಡಿದ ನೀಲಿ ಅಂಗಿಯಲ್ಲಿ ಮೇಷ್ಟ್ರು ಹಲ್ಲು ಕೀಳಿಸಿಕೊಳ್ಳುವುದಕ್ಕೆ ಬಂದವರಂತೆ ಕೂತರು. ಒಂದು ಗಂಟೆ ತೆಗೆದಳು. ಆಮೇಲೆ ಮಗಳನ್ನೂ ಮೇಷ್ಟ್ರನ್ನೂ ಹತ್ತಿರ ಕರೆದು ಕ್ಯಾಮೆರಾದ ಪರದೆಯ ಮೇಲೆ ಒಂದೊಂದಾಗಿ ತೋರಿಸಿದಳು. ಬೆಳಕು ಚೆನ್ನಾಗಿತ್ತು, ಪಿಟೀಲು ಚೆನ್ನಾಗಿತ್ತು. ಮೇಷ್ಟ್ರ ಕಣ್ಣು ಮಾತ್ರ ಒಂದೂ ಬಿಡದೆ ಎಲ್ಲದರಲ್ಲೂ ಎಡಕ್ಕೆ, ಸ್ವಲ್ಪ ಮೇಲಕ್ಕೆ ನೋಡುತ್ತಿತ್ತು.

"ಮೇಷ್ಟ್ರೇ, ಅಲ್ಲಿ ಯಾರಿದ್ರು?"

"ಎಲ್ಲಿ? ಯಾರೂ ಇಲ್ಲವಲ್ಲ."

"ಇಲ್ಲದವರನ್ನೇ ಒಂದು ಗಂಟೆ ನೋಡಿದ್ದೀರಿ."

ಮಗಳು ತನ್ನ ಫೋನಿನಲ್ಲಿದ್ದ ಇಪ್ಪತ್ತನ್ನೂ ತೆಗೆದು ನೋಡಿದಳು. ಅಲ್ಲೂ ಹಾಗೆಯೇ ಇತ್ತು. ಮೇಷ್ಟ್ರು ಕುರ್ಚಿಯ ಮೇಲೆ ಕೂತು ಯೋಚಿಸಿದರು. ಆಮೇಲೆ ಮೆಲ್ಲಗೆ ಹೇಳಿದರು, ಅದು ಹಾಡುವವರ ಬಾಯಿ ಇರುವ ಜಾಗ ಎಂದು. ಸ್ವರ ಹೊರಗೆ ಬರುವ ಮುಂಚೆ ಉಸಿರು ಬರುತ್ತದೆ. ಆ ಉಸಿರನ್ನು ಹಿಡಿದರೆ ಸ್ವರದ ಜೊತೆಗೇ ಕಮಾನು ಎಳೆಯಬಹುದು. ಒಂದು ರೆಪ್ಪೆ ಬಡಿಯುವಷ್ಟು ತಡವಾದರೂ ಸಭೆಗೆ ಗೊತ್ತಾಗಿಬಿಡುತ್ತದೆ. ಮೂವತ್ತು ವರ್ಷ ಕಣ್ಣು ಅಲ್ಲೇ ನೆಟ್ಟಿತ್ತು. ಪಿಟೀಲು ಭುಜಕ್ಕೆ ಬಂದರೆ ಕಣ್ಣು ತಾನಾಗಿಯೇ ಅಲ್ಲಿಗೆ ಹೋಗುತ್ತದೆ.

ಕ್ಯಾಮೆರಾದ ಕಡೆ ನೋಡಿ ಎಂದರೆ ನೋಡುತ್ತಿದ್ದರು. ನುಡಿಸುವುದು ನಿಂತುಹೋಗುತ್ತಿತ್ತು. ನುಡಿಸಿ ಎಂದರೆ ನುಡಿಸುತ್ತಿದ್ದರು, ಕಣ್ಣು ಎಡಕ್ಕೆ ಹೋಗುತ್ತಿತ್ತು. ಇನ್ನೊಂದು ಗಂಟೆ ಕಳೆಯಿತು. ಸಭಾಂಗಣದವರು ಕೊಟ್ಟ ಗಡುವಿಗೆ ನಾಲ್ಕೇ ದಿನ ಉಳಿದಿತ್ತು. ಮಗಳು ಉಗುರು ಕಚ್ಚತೊಡಗಿದಳು.

ಅಷ್ಟರಲ್ಲಿ ಹೆಂಡತಿ ಬಾಗಿಲಿಗೆ ಬಂದು, ಯಾರ ಮುಖವನ್ನೂ ನೋಡದೆ, ಊಟಕ್ಕೆ ಏಳುವವರು ಏಳಬಹುದು ಎಂದು ಬಾಗಿಲಿಗೇ ಹೇಳಿದಳು. ಕೈಯಲ್ಲಿ ಬೀನ್ಸಿನ ಬುಟ್ಟಿ ಇತ್ತು. ಮೇಷ್ಟ್ರ ತಲೆ ತಟ್ಟನೆ ಆ ಕಡೆ ತಿರುಗಿತು. ಫೋಟೋಗ್ರಾಫರ್ ಅದನ್ನು ನೋಡಿದಳು. ಮೇಷ್ಟ್ರನ್ನು ನೋಡಿದಳು, ಬಾಗಿಲನ್ನು ನೋಡಿದಳು, ಎದ್ದು ಹೋಗಿ ಒಂದು ಗಿಡ್ಡ ಸ್ಟೂಲು ತಂದು ಕ್ಯಾಮೆರಾದ ಸ್ಟ್ಯಾಂಡಿಗೆ ಒರಗಿದಂತೆ ಹಾಕಿದಳು.

"ಅಕ್ಕ, ಇಲ್ಲಿ ಕೂತ್ಕೊಳ್ಳಿ."

"ನನಗ್ಯಾಕೆ ಫೋಟೋ? ಕೆಲಸ ಬಿದ್ದಿದೆ."

"ಫೋಟೋ ನಿಮ್ಮದಲ್ಲ. ಕೆಲಸ ಬಿಡೋದೂ ಬೇಡ. ಆ ಬೀನ್ಸ್ ಇಲ್ಲೇ ಬಿಡಿಸಿ."

"ಹೋಗೇ, ಕೂತ್ಕೋ," ಎಂದಳು ಗೋಡೆಗೆ ಒರಗಿ ಕೂತಿದ್ದ ಅಜ್ಜಿ. "ಅಡುಗೆಮನೆ ಓಡಿಹೋಗಲ್ಲ."

ಹೆಂಡತಿ ಕೂತಳು. ಅವಳ ತಲೆ ಕ್ಯಾಮೆರಾದ ಕಣ್ಣಿಗೆ ಗೇಣು ದೂರದಲ್ಲಿತ್ತು. ನಾಲ್ಕು ಬೀನ್ಸಿನ ನಾರು ತೆಗೆದಳು. ಐದನೆಯದಕ್ಕೆ ತಡೆಯಲಾಗಲಿಲ್ಲ. ಹನ್ನೊಂದು ದಿನ ಕಟ್ಟಿಟ್ಟದ್ದೆಲ್ಲ ಒಟ್ಟಿಗೆ ಬಂತು. ಕೊಟ್ಟಿಗೆಯ ನೆಲದಿಂದ ಹಿಡಿದು, ಮದುವೆಯಾದ ಹೊಸದರಲ್ಲಿ ಸೂರು ಸೋರುತ್ತಿದ್ದಾಗ ಗಾಯಕರ ಜೊತೆ ಊರೂರು ಸುತ್ತಿದ್ದು, ಮಗಳು ಹುಟ್ಟಿದ ದಿನವೂ ಕಚೇರಿಯಿಂದ ಬೆಳಿಗ್ಗೆ ಬಂದದ್ದು, ಒಂದು ದಿನವಾದರೂ ಸಂಭಾವನೆ ಹೆಚ್ಚಿಸಿ ಎಂದು ಬಾಯಿ ಬಿಟ್ಟು ಕೇಳದೆ ಇದ್ದದ್ದು. ಬುಟ್ಟಿಯಲ್ಲಿ ಬೀನ್ಸು ಟಪಟಪ ಮುರಿಯುತ್ತಿತ್ತು.

ಮೇಷ್ಟ್ರು ಮೊದಲು ಕಮಾನನ್ನು ಇಳಿಸಿ ಕೇಳಿಸಿಕೊಂಡರು. ಆಮೇಲೆ ಪಿಟೀಲು ಭುಜಕ್ಕೆ ಬಂತು. ಅವಳು ದನಿ ಏರಿಸಿದಲ್ಲಿ ಕಮಾನು ಏರಿತು, "ಅಲ್ಲಾರೀ" ಎಂದು ಎಳೆದಲ್ಲಿ ತಂತಿ ಎಳೆಯಿತು. ಅವಳು ಉಸಿರು ತೆಗೆದುಕೊಳ್ಳಲು ನಿಂತರೆ ಪಿಟೀಲೂ ನಿಂತು ಕಾದಿತು. ಬೈಗುಳ ಬೈಗುಳದಂತೆಯೇ ಇತ್ತು, ಸ್ವರದಲ್ಲಿ ಬರುತ್ತಿತ್ತು ಅಷ್ಟೇ. ಅಜ್ಜಿಗೆ ಮೊದಲು ಗೊತ್ತಾಯಿತು. ಅವಳು ಬಾಯಿಗೆ ಸೆರಗು ಮುಚ್ಚಿಕೊಂಡಳು. ಹೆಂಡತಿ ಇನ್ನೂ ಎರಡು ವಾಕ್ಯ ಬೈದಳು. ಮೂರನೆಯದನ್ನು ಅರ್ಧಕ್ಕೆ ನಿಲ್ಲಿಸಿದಳು. ಪಿಟೀಲು ಅರ್ಧಕ್ಕೆ ನಿಂತಿತು.

"ನನ್ನನ್ನ ಅಣಕಿಸ್ತೀರಾ?"

ಪಿಟೀಲು ಅದನ್ನೂ ಹಾಗೆಯೇ ಕೇಳಿತು.

ಹೆಂಡತಿ ನಕ್ಕಳು. ಬುಟ್ಟಿ ಉರುಳಿ ಬೀನ್ಸು ಕೋಣೆಯ ತುಂಬ ಹರಡಿತು. ಕ್ಯಾಮೆರಾ ಆ ಹೊತ್ತಿನಲ್ಲೆಲ್ಲ ಕಟಕಟ ಎನ್ನುತ್ತಲೇ ಇತ್ತು. ಯಾರಿಗೂ ಅದರ ಮೇಲೆ ಗಮನವಿರಲಿಲ್ಲ.

ಆ ಫೋಟೋದಲ್ಲಿ ಮೇಷ್ಟ್ರು ನೋಡುವವರನ್ನೇ ನೆಟ್ಟಗೆ ನೋಡುತ್ತಿದ್ದರು. ತಲೆ ಸ್ವಲ್ಪ ಮುಂದಕ್ಕೆ ಬಾಗಿತ್ತು, ಹುಬ್ಬು ಎದ್ದಿತ್ತು, ತುಟಿಯ ಒಂದು ಕೊನೆಯಲ್ಲಿ ತುಂಟತನವಿತ್ತು. ಎದುರಿಗಿರುವವರು ಇನ್ನೇನು ಹೇಳಿಬಿಡುತ್ತಾರೆ, ಅದನ್ನು ಒಂದಕ್ಷರ ಬಿಡದೆ ಕೇಳಬೇಕು ಎನ್ನುವಂಥ ಮುಖ. ಫೋಟೋಗ್ರಾಫರ್ ಪರದೆಯನ್ನು ಎಲ್ಲರಿಗೂ ತೋರಿಸಿ, ಸಿಕ್ಕಿತು ಎಂದಳು. ಬೇರೇನೂ ಹೇಳದೆ ದೀಪಗಳನ್ನು ಬಿಚ್ಚತೊಡಗಿದಳು.

ಮೂರು ಫೋಟೋ ಕಳಿಸಿದ ಒಂಬತ್ತನೆಯ ದಿನ ಪತ್ರ ಬಂತು. ಆರು ಸಂಜೆಗಳಲ್ಲಿ ಮೂರನೆಯದು ಮೇಷ್ಟ್ರದು. ಮೇಷ್ಟ್ರು ಪತ್ರವನ್ನು ಎರಡು ಸಲ ಓದಿ, ಕೊಟ್ಟಿಗೆಗೆ ಹೋಗಿ ಹೆಂಡತಿಯ ಕೈಯಿಂದ ಹಾಲಿನ ಬಕೆಟ್ಟನ್ನು ತೆಗೆದುಕೊಂಡು ತಾವೇ ಹೊತ್ತು ತಂದರು. ಅವರು ಬಕೆಟ್ಟು ಹೊತ್ತದ್ದನ್ನು ನೋಡಿಯೇ ಅಜ್ಜಿಗೆ ಸುದ್ದಿ ಗೊತ್ತಾಯಿತು.

ಮುಂದಿನ ವಾರಗಳಲ್ಲಿ ಫೋಟೋಗ್ರಾಫರ್ ಹೇಳಿದಂತೆಯೇ ನಡೆಯಿತು. ಪೋಸ್ಟರಿನಲ್ಲಿ, ಸಭಾಂಗಣದ ಪುಸ್ತಿಕೆಯಲ್ಲಿ, ಮಗಳು ಅಂತರ್ಜಾಲದಲ್ಲಿ ಮಾಡಿದ ಪುಟದಲ್ಲಿ, ಪಾಠದ ಕೋಣೆಯ ಹೊರಗಿನ ಹಲಗೆಯ ಮೇಲೆ, ಎಲ್ಲ ಕಡೆ ಅದೇ ಮುಖ, ಅದೇ ನೀಲಿ. ಸಭಾಂಗಣದ ಗುಮಾಸ್ತ ಜಾಗ ಸಾಲದೆಂದು ಫೋಟೋದ ಕೆಳಭಾಗ ಕತ್ತರಿಸಲು ಹೊರಟಾಗ ಮಗಳು ಅಂಗಡಿಯಿಂದಲೇ ಫೋನು ಮಾಡಿ, ಕಮಾನಿನ ತುದಿ ಹೋದರೂ ನಾವು ಒಪ್ಪುವುದಿಲ್ಲ ಎಂದು ಹೇಳಿ ಉಳಿಸಿಕೊಂಡಳು. ಪಾಠಕ್ಕೆ ಹೊಸದಾಗಿ ಒಂಬತ್ತು ಮಕ್ಕಳು ಬಂದರು. ಹಿಂಡಿ ತರಲು ಪಟ್ಟಣಕ್ಕೆ ಹೋದ ಹೆಂಡತಿ ಬಸ್ ನಿಲ್ದಾಣದ ಗೋಡೆಯ ಮೇಲೆ ಸಾಲಾಗಿ ಆರು ಪೋಸ್ಟರ್ ನೋಡಿ ಬಂದು ಅತ್ತೆಗೆ ವರದಿ ಒಪ್ಪಿಸಿದಳು.

"ನನ್ನ ಹತ್ರ ಬೈಸಿಕೊಳ್ಳೋ ಮುಖಾನ ಊರಿಗೆಲ್ಲ ಅಂಟಿಸಿದ್ದಾರೆ, ಅತ್ತೆ. ಜನ ನಿಂತು ನೋಡ್ತಿದ್ದಾರೆ."

"ನೀನೇನು ಮಾಡ್ದೆ?"

"ನಾನೂ ನಿಂತೆ."

ಕಚೇರಿಗೆ ಎಂಟು ದಿನ ಇರುವಾಗ ದೊಡ್ಡ ಗಾಯಕರ ಫೋನು ಬಂತು. ಅದೇ ಸಂಜೆ ಬೇರೆ ಊರಿನಲ್ಲಿ ಅವರ ಹಾಡುಗಾರಿಕೆ ಇತ್ತು. ಎಂದಿನಂತೆ ಕಾರು ಕಳಿಸುತ್ತೇನೆ, ತಯಾರಾಗಿರಿ ಎಂದರು. ಆ ದಿನ ತಮ್ಮದೇ ಕಚೇರಿ ಇದೆ ಎಂದು ಮೇಷ್ಟ್ರು ಹೇಳಿದರು. ಹೇಳುವಾಗ ಎದ್ದು ನಿಂತಿದ್ದರು. ಗಾಯಕರು, ಸರಿ, ಹಾಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ, ಮುಂದಿನದಕ್ಕೂ ಅವರೇ ಬರಲಿ, ಎಂದು ಫೋನು ಇಟ್ಟರು.

ಆ ದಿನ ಎಲ್ಲರೂ ಊಟಕ್ಕೆ ತಡವಾಗಿ ಕೂತರು. ವರ್ಷದ ಮುಕ್ಕಾಲು ಪಾಲು ಒಂದು ಮಾತಿಗೆ ಹೋಗಿತ್ತು. ಮಗಳು, ತಾನೇ ಇದನ್ನೆಲ್ಲ ಎಳೆದು ತಂದೆ ಎಂದು ಅಳುಮುಖ ಮಾಡಿದಳು. ಹೆಂಡತಿ ಬೈಯುತ್ತಾಳೆಂದು ಎಲ್ಲರೂ ಕಾದರು. ಅವಳು ಮೇಷ್ಟ್ರ ತಟ್ಟೆಗೆ ಇನ್ನೊಂದು ಮೊಟ್ಟೆ ಹಾಕಿ, "ತಿನ್ನಿ. ಎರಡು ಗಂಟೆ ಒಬ್ಬರೇ ನುಡಿಸಬೇಕು," ಎಂದಳು.

ಕಚೇರಿಯ ಸಂಜೆ ಸಭಾಂಗಣದಲ್ಲಿ ಕುರ್ಚಿ ಸಾಲದೆ ಗೋಡೆಯ ಪಕ್ಕ ಬೆಂಚು ಹಾಕಿಸಿದರು. ಡೈರಿಯ ಸಾಲಿನಲ್ಲಿ ನಿಲ್ಲುವ ಹೆಂಗಸರು ಒಟ್ಟಾಗಿ ಬಂದಿದ್ದರು. ಪೋಸ್ಟರಿನ ಮುಖ ಯಾರದೆಂದು ನೋಡುವುದಕ್ಕೇ ಬಂದ ಅಪರಿಚಿತರು ಎಷ್ಟೋ ಜನ ಇದ್ದರು. ಅಜ್ಜಿಯನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಅವಳು ಅಕ್ಕಪಕ್ಕದವರಿಗೆಲ್ಲ, ನಡುವೆ ಕೂತಿರೋನು ನನ್ನ ಮಗ, ಎಂದು ಹೇಳಿ ಮುಗಿಸಿದ್ದಳು.

ಮೇಷ್ಟ್ರು ಮೊದಲ ಐದು ನಿಮಿಷ ಎಡಕ್ಕೆ ನೋಡಿದರು. ಅಲ್ಲಿ ಯಾರೂ ಇರಲಿಲ್ಲ. ಕಮಾನು ಒಮ್ಮೆ ತಡವರಿಸಿತು, ಹೆಂಡತಿ ಕುರ್ಚಿಯ ತೋಳನ್ನು ಹಿಡಿದಳು. ಮೇಷ್ಟ್ರು ಕಣ್ಣು ಮುಂದಕ್ಕೆ ತಂದು ಅವಳನ್ನು ಹುಡುಕಿದರು, ಸಿಕ್ಕಿದಳು, ಅವಳನ್ನು ನೋಡಿಕೊಂಡು ಒಂದಿಷ್ಟು ದೂರ ನುಡಿಸಿದರು. ಆಮೇಲೆ ಅವಳ ಪಕ್ಕದವರನ್ನು ನೋಡಿದರು, ಹಿಂದಿನ ಸಾಲನ್ನು ನೋಡಿದರು, ಬೆಂಚಿನವರನ್ನು ನೋಡಿದರು. ಇಡೀ ಸಭೆ ಮುಂದಿನ ಸ್ವರಕ್ಕೆ ಉಸಿರು ಹಿಡಿದು ಕಾಯುತ್ತಿತ್ತು. ಆ ಸ್ವರವನ್ನು ಮೊದಲು ನುಡಿಸಬೇಕಾದವರು ಈಗ ಅವರೇ. ಅವರು ನುಡಿಸಿದರು. ಎರಡು ಗಂಟೆಗೆಂದು ಇದ್ದದ್ದು ಎರಡೂವರೆಯಾಯಿತು, ಎದ್ದು ನಿಂತ ಜನ ಇನ್ನೊಂದು ನುಡಿಸುವವರೆಗೂ ಕೂರಲಿಲ್ಲ. ಸಭಾಂಗಣದ ಕಾರ್ಯದರ್ಶಿ ವೇದಿಕೆಯ ಮೇಲೆಯೇ ಬರುವ ವರ್ಷದ ಮೊದಲ ಸಂಜೆ ಇವರದೇ ಎಂದು ಸಾರಿಬಿಟ್ಟರು. ಅದೇ ವಾರದಲ್ಲಿ ಇನ್ನೆರಡು ಊರಿನವರು ಬಂದು ದಿನ ಗೊತ್ತು ಮಾಡಿಕೊಂಡು ಹೋದರು.

ಗಾಯಕರ ಫೋನು ಬಂದದ್ದು ಹತ್ತು ದಿನದ ಮೇಲೆ, ಮಧ್ಯಾಹ್ನದ ಊಟದ ಹೊತ್ತಿಗೆ. ಮೇಷ್ಟ್ರ ಕೈ ಎಂಜಲಾಗಿತ್ತು. ಮಗಳು ಫೋನನ್ನು ಮೇಜಿನ ನಡುವೆ ಇಟ್ಟು ಎಲ್ಲರಿಗೂ ಕೇಳುವಂತೆ ಒತ್ತಿದಳು. ಹೊಸಬ ಚೆನ್ನಾಗಿ ನುಡಿಸುತ್ತಾನೆ, ಆದರೆ ತನ್ನ ಉಸಿರು ಅವನಿಗೆ ಗೊತ್ತಾಗುವುದಿಲ್ಲ, ಎಂದರು ಗಾಯಕರು. ದೊಡ್ಡ ಕಚೇರಿಯೊಂದು ಬರುತ್ತಿದೆ. ಹಳೆಯದೆಲ್ಲ ಮರೆತು ಬರಬೇಕು ಎಂದರು.

"ಬರ್ತೀನಿ," ಎಂದರು ಮೇಷ್ಟ್ರು. ಒಂದು ತುತ್ತು ನುಂಗಿ ನೀರು ಕುಡಿದರು. "ಪೋಸ್ಟರ್‌ನಲ್ಲಿ ನನ್ನ ಫೋಟೋನೂ ಇರಬೇಕು."

"ಪಕ್ಕವಾದ್ಯದವರ ಫೋಟೋ ಹಾಕೋ ವಾಡಿಕೆ ಇಲ್ಲವಲ್ಲ ಮೇಷ್ಟ್ರೇ."

"ಹಾಗಾದ್ರೆ ವಾಡಿಕೆ ಇರೋರನ್ನ ಕರ್ಕೊಳ್ಳಿ."

ಮಗಳ ಕೈಯ ಲೋಟ ಅಲ್ಲೇ ನಿಂತಿತು. ಹೆಂಡತಿ ಪಾತ್ರೆಯಿಂದ ಸೌಟು ಎತ್ತಿದವಳು ಹಾಗೇ ಹಿಡಿದುಕೊಂಡಿದ್ದಳು, ಬಟಾಣಿ ಒಂದೊಂದಾಗಿ ಮೇಜಿನ ಮೇಲೆ ಬೀಳುತ್ತಿತ್ತು. ಫೋನಿನೊಳಗೆ ಗಾಯಕರು ಉಸಿರು ತೆಗೆದುಕೊಂಡದ್ದು ನಾಲ್ವರಿಗೂ ಕೇಳಿಸಿತು. ಮೇಷ್ಟ್ರಿಗೆ ಮಾತ್ರ ಆ ಉಸಿರು ಎಲ್ಲಿ ಹೋಗಿ ನಿಲ್ಲುತ್ತದೆಂದು ಗೊತ್ತಿತ್ತು. ಅವರು ಆರಾಮವಾಗಿ ತಟ್ಟೆಯನ್ನು ಹೆಂಡತಿಯ ಕಡೆ ಸರಿಸಿದರು.

"ಎಷ್ಟು ದೊಡ್ಡದು ಬೇಕು?" ಎಂದರು ಗಾಯಕರು.

ಹೆಂಡತಿ ಫೋನಿನ ಕಡೆ ಬಗ್ಗಿದಳು.

"ನಿಮ್ಮದು ಎಷ್ಟಿರುತ್ತೋ ಅಷ್ಟು."